ಟ್ಯಾಲಿ ಆಗದ ಲೆಕ್ಕಕ್ಕೆ ಯಾರ ನೆರವು?

ಬಿ.ಕಾಂ., ಬಿ.ಬಿ.ಎ. ಹುಡುಗರ ಬಾಯಲ್ಲಿ ಪಠ್ಯವಿಷಯಗಳು ಎರಡೇ ಬಗೆ: ಥಿಯರಿ ಪೇಪರ್, ಪ್ರಾಬ್ಲಂ ಪೇಪರ್. ಥಿಯರಿಯನ್ನು ಪರೀಕ್ಷೆಯ ಹಿಂದಿನ ರಾತ್ರಿ ಓದಿ ಹೇಗೋ ದಾಟಬಹುದು. ಕಾಸ್ಟ್ ಅಕೌಂಟಿಂಗ್, ಕಾರ್ಪೊರೇಟ್ ಅಕೌಂಟಿಂಗ್, ಸ್ಟ್ಯಾಟಿಸ್ಟಿಕ್ಸ್, ಆದಾಯ ತೆರಿಗೆಗಳ ಮುಂದೆ ಆ ಜಾಣತನ ನಡೆಯುವುದಿಲ್ಲ. ಬ್ಯಾಲೆನ್ಸ್ ಶೀಟಿನ ಎರಡು ಬದಿ ಟ್ಯಾಲಿ ಆಗದಿದ್ದರೆ ತಪ್ಪೆಲ್ಲಿದೆ ಎಂದು ಹುಡುಕುವಷ್ಟರಲ್ಲಿ ಬೆಲ್ ಹೊಡೆದಿರುತ್ತದೆ. ಟ್ಯೂಷನ್ ಬೋರ್ಡುಗಳ ಮೇಲೆ ದಪ್ಪಕ್ಷರದಲ್ಲಿ ಕಾಣುವ ಹೆಸರುಗಳೂ ಇವೇ.

ಕರ್ನಾಟಕದ ಕಾಲೇಜುಗಳಲ್ಲಿ ಇದಕ್ಕೆ ಇನ್ನೆರಡು ತೊಡಕುಗಳು ಸೇರಿಕೊಂಡಿವೆ. ಪಿಯುಸಿಯಲ್ಲಿ ಕಲಾ ಅಥವಾ ವಿಜ್ಞಾನ ಓದಿದವರೂ ಬಿ.ಕಾಂ. ಸೇರುತ್ತಾರೆ. ಜರ್ನಲ್, ಲೆಡ್ಜರ್ ಎರಡು ವರ್ಷ ಬರೆದು ಬಂದವರ ಪಕ್ಕದಲ್ಲಿ ಕೂತು ಅವರು ಡೆಬಿಟ್-ಕ್ರೆಡಿಟ್ ಮೊದಲಿನಿಂದ ಕಲಿಯಬೇಕು. ಇನ್ನೊಂದು, ಪಠ್ಯಕ್ರಮದ ಓಲಾಟ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ನಾಲ್ಕು ವರ್ಷದ ಪದವಿ ಬಂತು. ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿ ಬಂದ ಮೇಲೆ 2024-25ರಿಂದ ಮತ್ತೆ ಮೂರು ವರ್ಷಕ್ಕೆ ಮರಳಿತು. ಹೀಗಾಗಿ ಜೆರಾಕ್ಸ್ ಅಂಗಡಿಯಲ್ಲಿ ಸಿಗುವ ಸೀನಿಯರ್ ನೋಟ್ಸು ಯಾವ ಸ್ಕೀಮಿನದು ಎಂದು ನೋಡದೆ ಓದಿದವರು ಇಲ್ಲದ ಪಾಠವನ್ನು ಬಾಯಿಪಾಠ ಮಾಡಿರುತ್ತಾರೆ.

ನೆರವಿಗೆ ದಾರಿಗಳು ಇಲ್ಲವೆಂದಲ್ಲ. ಕಾಲೇಜುಗಳಲ್ಲಿ ರೆಮಿಡಿಯಲ್ ಕ್ಲಾಸ್ ಇರುತ್ತದೆ, ಮೆಂಟರ್ ಇರುತ್ತಾರೆ. ಆದರೆ ರೆಮಿಡಿಯಲ್ ಕ್ಲಾಸಿಗೆ ಹೋಗುವುದೆಂದರೆ ದಡ್ಡರ ಪಟ್ಟಿಗೆ ಸಹಿ ಹಾಕಿದಂತೆ ಎಂಬ ಭಾವನೆ ಹುಡುಗರಲ್ಲಿದೆ. ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಅಂಟಿಸಿಬಿಟ್ಟರಂತೂ ಮುಗಿಯಿತು, ಬರುವವರೂ ಬರುವುದಿಲ್ಲ.

ಈ ಗಂಟನ್ನು ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದ ಕಾನ್ಸಾಸ್ ಸಿಟಿ ಕ್ಯಾಂಪಸ್ 1973ರಲ್ಲೇ ಬಿಡಿಸಲು ಹೊರಟಿತ್ತು. ಅಲ್ಲಿನ ಡಿಯಾನಾ ಮಾರ್ಟಿನ್ ರೂಪಿಸಿದ ‘ಸಪ್ಲಿಮೆಂಟಲ್ ಇನ್‌ಸ್ಟ್ರಕ್ಷನ್’ ಪದ್ಧತಿ ಮೊದಲು ವೈದ್ಯಕೀಯ ವಿಭಾಗಗಳ ವಿದ್ಯಾರ್ಥಿಗಳಿಗಾಗಿ ಶುರುವಾಗಿ, ಆಮೇಲೆ ಬೇರೆ ಬೇರೆ ವಿಭಾಗಗಳಿಗೂ ದೇಶಗಳಿಗೂ ಹರಡಿತು. ಅದರ ಯುಕ್ತಿ ಸರಳ. ಹಿಂದುಳಿದ ಹುಡುಗರು ಯಾರು ಎಂದು ಹುಡುಕುವ ಬದಲು ಕಷ್ಟದ ವಿಷಯ ಯಾವುದು ಎಂದು ಹುಡುಕಿದರು. ಸುಮಾರು ನೂರಕ್ಕೆ 30 ಮಂದಿ ಕಳಪೆ ಅಂಕ ಪಡೆಯುವ ಅಥವಾ ನಡುವೆ ಬಿಟ್ಟುಹೋಗುವ ವಿಷಯ ಕಷ್ಟದ್ದು. ಅದನ್ನು ತೆಗೆದುಕೊಂಡ ಎಲ್ಲರಿಗೂ ಹೆಚ್ಚುವರಿ ತರಗತಿ ತೆರೆದಿರುತ್ತದೆ. ರ್‍ಯಾಂಕ್ ಬಂದವನೂ ಹೋಗಬಹುದು, ಫೇಲಾದವನೂ ಹೋಗಬಹುದು, ಬಲವಂತ ಯಾರಿಗೂ ಇಲ್ಲ. ನಡೆಸುವವರು ಹಿಂದೆ ಅದೇ ವಿಷಯದಲ್ಲಿ ಚೆನ್ನಾಗಿ ಪಾಸಾದ ಸೀನಿಯರ್. ಅವರು ಮತ್ತೊಮ್ಮೆ ಅದೇ ತರಗತಿಯಲ್ಲಿ ಕೂತು ಪಾಠ ಕೇಳುತ್ತಾರೆ, ಸಂಜೆ ಗುಂಪನ್ನು ಕೂಡಿಸುತ್ತಾರೆ. ಪಾಠ ಮಾಡುವುದು ಅವರ ಕೆಲಸವಲ್ಲ, ಉತ್ತರ ಹೇಳಿಕೊಡುವಂತೆಯೂ ಇಲ್ಲ.

ಇಂಥ ಗುಂಪಿನಲ್ಲಿ ಒಂದು ಕ್ಯಾಶ್ ಫ್ಲೋ ಲೆಕ್ಕ ಹೇಗೆ ಸಾಗೀತು ನೋಡಿ. ಕಂಪನಿಯೊಂದು 5 ಲಕ್ಷದ ಯಂತ್ರ ಕೊಂಡಿದೆ, ಹತ್ತು ವರ್ಷಕ್ಕೆ ಹಂಚಿ ವರ್ಷಕ್ಕೆ 50,000 ಸವಕಳಿ ಬರೆಯುತ್ತದೆ. ಲಾಭ ಒಂದೂವರೆ ಲಕ್ಷ. ವ್ಯವಹಾರವೆಲ್ಲ ನಗದಿನಲ್ಲೇ ಎಂದಿಟ್ಟುಕೊಂಡರೆ ಕೈಗೆ ಬಂದ ಹಣ ಎಷ್ಟು? ‘ಸವಕಳಿ ಕೂಡಿಸಬೇಕು, ಎರಡು ಲಕ್ಷ’ ಎನ್ನುತ್ತಾನೆ ಹುಡುಗ. ಉತ್ತರ ಸರಿ. ‘ಯಾಕೆ ಕೂಡಿಸಬೇಕು?’ ಎಂದರೆ ‘ಫಾರ್ಮ್ಯಾಟ್‌ನಲ್ಲಿ ಹಾಗಿದೆ’ ಎನ್ನುತ್ತಾನೆ. ಸೀನಿಯರ್ ಮತ್ತೆ ಕೇಳುತ್ತಾಳೆ: ‘ಆ 50,000 ಯಾರಿಗೆ ಕೊಟ್ಟೆ?’ ಯಾರಿಗೂ ಇಲ್ಲ. ಯಂತ್ರಕ್ಕೆ ದುಡ್ಡು ಕೊಟ್ಟಿದ್ದು ಕೊಂಡ ದಿನ. ಈ ವರ್ಷ ಪುಸ್ತಕದಲ್ಲಿ ಕಳೆದಿದ್ದಷ್ಟೇ, ಹಣ ಹೊರಗೆ ಹೋಗಿಲ್ಲ. ಮುಂದಿನ ಪ್ರಶ್ನೆಯಲ್ಲಿ ಪುಸ್ತಕದ ಬೆಲೆ 3 ಲಕ್ಷವಿದ್ದ ಯಂತ್ರವನ್ನು 2 ಲಕ್ಷ 60 ಸಾವಿರಕ್ಕೆ ಮಾರಿದ್ದಾರೆ. ಫಾರ್ಮ್ಯಾಟ್ ನಂಬಿದವನು ಇಲ್ಲಿ ತಡವರಿಸುತ್ತಾನೆ. ‘ಯಾರಿಗೆ ಕೊಟ್ಟೆ’ ಎಂದು ಕೇಳಲು ಕಲಿತವನು 40,000 ನಷ್ಟವನ್ನೂ ಲಾಭಕ್ಕೆ ತಿರುಗಿ ಕೂಡಿಸುತ್ತಾನೆ, ಬಂದ 2 ಲಕ್ಷ 60 ಸಾವಿರವನ್ನು ಹೂಡಿಕೆಯ ಭಾಗಕ್ಕೆ ಒಯ್ಯುತ್ತಾನೆ.

ಇಂಥ ಗುಂಪುಗಳಿಗೆ ಹೋದವರ ಅಂಕ ಹೋಗದವರಿಗಿಂತ ಮೇಲಿರುತ್ತದೆ ಎಂದು ಅಧ್ಯಯನಗಳು ಹೇಳುತ್ತಾ ಬಂದಿವೆ. ಆಸಕ್ತಿ ಇರುವವರೇ ಹೋಗುತ್ತಾರೆ, ಅಂಕ ಬರುವುದು ಸಹಜ ಎಂಬ ತಕರಾರೂ ಇದೆ, ಅದರಲ್ಲಿ ಹುರುಳೂ ಇದೆ. ಆದರೂ ನಮ್ಮ ಪದವಿ ಕಾಲೇಜುಗಳಿಗೆ ಇಷ್ಟು ಅಗ್ಗದ ಉಪಾಯ ಇನ್ನೊಂದು ಸಿಗುವುದು ಕಷ್ಟ. ಬೇಕಾದದ್ದು ಒಂದು ಕೋಣೆ, ಒಂದು ಬೋರ್ಡು, ಕೊನೆಯ ವರ್ಷದ ಒಬ್ಬ ವಿದ್ಯಾರ್ಥಿ ಮತ್ತು ಆ ವಿದ್ಯಾರ್ಥಿಗೊಂದು ಸಣ್ಣ ಸಂಭಾವನೆ.

ಮನೆಯಲ್ಲೇ ಕೂತು ಕಲಿಯುವವರಿಗೆ ಉಚಿತ ಪಾಠಗಳ ಕೊರತೆಯಿಲ್ಲ. ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ‘ಸ್ವಯಂ’ ವೇದಿಕೆಯಲ್ಲಿ ಮ್ಯಾನೇಜ್‌ಮೆಂಟ್ ವಿಷಯಗಳ ಹೊಣೆ ಹೊತ್ತಿರುವುದು ಬೆಂಗಳೂರಿನ ಐಐಎಂ. ಐಐಟಿಗಳ ಎನ್‌ಪಿಟಿಇಎಲ್‌ನಲ್ಲಿ ಕಲಿಕೆಗೆ ಕಾಸಿಲ್ಲ, ಪರೀಕ್ಷೆಗೆ ಮಾತ್ರ ಶುಲ್ಕ. ವಾರದ ಅಸೈನ್‌ಮೆಂಟಿಗೆ ನೂರಕ್ಕೆ 25, ಪರೀಕ್ಷೆಗೆ 75 ಅಂಕ. ಯುಜಿಸಿಯ 2021ರ ನಿಯಮದಂತೆ ಒಂದು ಸೆಮಿಸ್ಟರಿನ ಪಾಠಗಳಲ್ಲಿ ಶೇ 40ರವರೆಗೆ ‘ಸ್ವಯಂ’ ಮೂಲಕ ಓದಿ ಕ್ರೆಡಿಟ್ ಪಡೆಯಬಹುದು, ವಿಶ್ವವಿದ್ಯಾಲಯ ಒಪ್ಪಬೇಕು ಅಷ್ಟೆ. ಲೆಕ್ಕಪರಿಶೋಧಕರ ಸಂಸ್ಥೆಯಾದ ಐಸಿಎಐ ಸಿ.ಎ. ವಿದ್ಯಾರ್ಥಿಗಳಿಗಾಗಿ ಸಿದ್ಧಪಡಿಸುವ ಪಠ್ಯವನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಅದರ ಫೌಂಡೇಶನ್ ಹಂತದ ಅಕೌಂಟಿಂಗ್ ಪುಸ್ತಕ ಬಿ.ಕಾಂ. ಮೊದಲ ವರ್ಷಕ್ಕೆ ಎಷ್ಟೋ ಗೈಡುಗಳಿಗಿಂತ ಮೇಲು. ವಿಡಿಯೊ ನೋಡಿದ್ದೇ ಲೆಕ್ಕ ಬಂದಂತೆ ಎಂದುಕೊಳ್ಳುವವರಿಗೆ ಮಾತ್ರ ಇವೆಲ್ಲ ದಂಡ. ಪೆನ್ನು ಹಿಡಿದು, ವಿಡಿಯೊ ನಿಲ್ಲಿಸಿ, ಮುಂದಿನ ಸಾಲನ್ನು ತಾವೇ ಬರೆಯಬೇಕು.

ಅಸೈನ್‌ಮೆಂಟ್ ಬರೆದುಕೊಡುವ ಅಂಗಡಿಗಳ ಕತೆ ಬೇರೆ. ಮ್ಯಾನೇಜ್‌ಮೆಂಟ್ ಸ್ನಾತಕೋತ್ತರ ಪದವಿಗೆಂದು ವಿದೇಶಕ್ಕೆ ಹೋಗುವ ಕನ್ನಡದ ಹುಡುಗರು ತಿಳಿದಿರಬೇಕಾದದ್ದು: ಹಣ ಪಡೆದು ಬರೆದುಕೊಡುವ ದಂಧೆ ಆಸ್ಟ್ರೇಲಿಯಾದಲ್ಲಿ 2020ರಿಂದ, ಇಂಗ್ಲೆಂಡಿನಲ್ಲಿ 2022ರಿಂದ ಕಾನೂನುಬಾಹಿರ. ಸಿಕ್ಕಿಬಿದ್ದ ವಿದ್ಯಾರ್ಥಿಯ ಮೇಲೆ ವಿಶ್ವವಿದ್ಯಾಲಯ ಕ್ರಮ ಕೈಗೊಳ್ಳುತ್ತದೆ.

ಸಿದ್ಧ ಉತ್ತರದ ವ್ಯಾಪಾರಕ್ಕೆ ಈಗ ಕೃತಕ ಬುದ್ಧಿಮತ್ತೆ ಪೈಪೋಟಿ ಕೊಡುತ್ತಿದೆ. ಹೋಮ್‌ವರ್ಕಿಗೆ ಉತ್ತರ ಒದಗಿಸುತ್ತಿದ್ದ ಕ್ಯಾಲಿಫೋರ್ನಿಯಾದ ‘ಚೆಗ್’ ಕಂಪನಿಗೆ ಉತ್ತರ ಬರೆಯುತ್ತಿದ್ದವರಲ್ಲಿ ಸಾವಿರಾರು ಮಂದಿ ಭಾರತದವರು. ಚಾಟ್‌ಜಿಪಿಟಿಯಿಂದ ಹೊಸ ಗ್ರಾಹಕರು ಬರುವುದು ಕುಗ್ಗುತ್ತಿದೆ ಎಂದು ಅದು ಒಪ್ಪಿಕೊಂಡ ಮರುದಿನ, 2023ರ ಮೇ 2ರಂದು, ಅದರ ಷೇರು ಒಂದೇ ದಿನದಲ್ಲಿ ಹತ್ತಿರಹತ್ತಿರ ಅರ್ಧಕ್ಕೆ ಇಳಿಯಿತು. ಹಣಕಾಸು ಓದುವವರಿಗೆ ಇದೇ ಒಂದು ಒಳ್ಳೆಯ ಕೇಸ್ ಸ್ಟಡಿ.

ಇಷ್ಟಾದರೂ ಟ್ಯೂಷನ್ ಬೇಕೆನಿಸಿದರೆ ಸೇರಬಾರದೆಂದೇನಿಲ್ಲ. ಚೆನ್ನಾಗಿ ಹೇಳಿಕೊಡುವ ಮೇಷ್ಟ್ರು ಊರೂರಲ್ಲೂ ಇದ್ದಾರೆ. ಒಂದು ಡೆಮೊ ತರಗತಿಯಲ್ಲಿ ಕೂತು ನೋಡಬೇಕು. ಲೆಕ್ಕವನ್ನು ಬೋರ್ಡಿನ ಮೇಲೆ ಅವರೇ ಮುಗಿಸುತ್ತಾರೋ, ಹುಡುಗರಿಗೂ ಮಾಡಲು ಬಿಡುತ್ತಾರೋ ಎಂಬುದು ಅಲ್ಲೇ ಗೊತ್ತಾಗುತ್ತದೆ. ದೊಡ್ಡ ಕೋಚಿಂಗ್ ಸೆಂಟರ್ ಆದರೆ ಹಣ ಕಟ್ಟುವ ಮೊದಲು ರೀಫಂಡ್ ಷರತ್ತನ್ನು ಬರವಣಿಗೆಯಲ್ಲಿ ಕೇಳಬೇಕು. ಪೂರ್ತಿ ಶುಲ್ಕ ಕಟ್ಟಿ ನಡುವೆ ಬಿಟ್ಟವರಿಗೆ ಉಳಿದ ಅವಧಿಯ ಹಣವನ್ನು 10 ದಿನದೊಳಗೆ ಮರಳಿಸಬೇಕು ಎಂದು ಕೇಂದ್ರ ಶಿಕ್ಷಣ ಸಚಿವಾಲಯದ 2024ರ ಜನವರಿಯ ಮಾರ್ಗಸೂಚಿ ಹೇಳುತ್ತದೆ. ಅದನ್ನು ಜಾರಿಗೆ ತರುವುದು ರಾಜ್ಯಗಳಿಗೆ ಬಿಟ್ಟದ್ದು. ಹಾಗಾಗಿ ರಸೀದಿಯ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಏನಿದೆ ಎಂಬುದನ್ನು ಸೇರುವ ದಿನವೇ ಓದಿಕೊಳ್ಳುವುದು ಒಳ್ಳೆಯದು.