ಒಂದೇ ಮೈಕಿನ ಮುಂದೆ ಹಾಡು ಮತ್ತು ಗಿಟಾರು

ನಮ್ಮ ವಾಚನಾಲಯಕ್ಕೆ ಬರುವ ತರುಣರಲ್ಲಿ ಗಿಟಾರು ನುಡಿಸುತ್ತ ಹಾಡುವವರು ಈಗ ಕೆಲವರಿದ್ದಾರೆ. ಊರಿನಲ್ಲಿರುವ ತಂದೆತಾಯಿಗಳಿಗೆ ತಮ್ಮ ಹಾಡನ್ನು ಕಳಿಸಬೇಕೆಂಬ ಆಸೆ ಅವರಿಗೆ ಸಹಜ. ಆದರೆ ಹಾಡು ಊರು ಮುಟ್ಟಿದ ಮೇಲೆ ಬರುವ ಉತ್ತರ ಹೆಚ್ಚಾಗಿ ಒಂದೇ: “ಬಾರಿಸಿದ್ದು ಕೇಳಿಸಿತು, ಮಾತು ತಿಳಿಯಲಿಲ್ಲಪ್ಪಾ.” ಸ್ಟುಡಿಯೋಕ್ಕೆ ಹೋಗೋಣವೆಂದರೆ ತಾಸಿನ ಲೆಕ್ಕದ ಬಾಡಿಗೆ; ದೊಡ್ಡ ಸಾಮಾನು ಕೊಳ್ಳೋಣವೆಂದರೆ ತಿಂಗಳ ಪಗಾರವೇ ಹೋದೀತು. ಇವೆರಡೂ ಬೇಡ. ಒಂದು ಮೈಕು, ಒಂದು ಖೋಲಿ, ಒಂದಿಷ್ಟು ತಾಳ್ಮೆ ಇದ್ದರೆ ಮಾತು ತಿಳಿಯುವಂತೆ ಹಾಡನ್ನು ಹಿಡಿದಿಡಬಹುದು. ಅದು ಹೇಗೆಂಬುದನ್ನು ಇಲ್ಲಿ ಕ್ರಮವಾಗಿ ಹೇಳಿದೆ.

ಮೊದಲು ಮುಖ್ಯ ಸಂಗತಿ. ಸ್ಟುಡಿಯೋದಲ್ಲಿ ಬಾಯಿಗೊಂದು, ವಾದ್ಯಕ್ಕೊಂದು ಮೈಕು ಇಡುತ್ತಾರೆ. ಆಮೇಲೆ ಒಂದನ್ನು ಏರಿಸಿ, ಇನ್ನೊಂದನ್ನು ಇಳಿಸಿ ಸರಿಮಾಡುತ್ತಾರೆ. ಒಂದೇ ಮೈಕಿನಲ್ಲಿ ಹಿಡಿದಾಗ ಹಾಡೂ ಗಿಟಾರೂ ಹಾಲು ನೀರಿನಂತೆ ಬೆರೆತುಹೋಗುತ್ತವೆ. ಅವುಗಳನ್ನು ಬೇರ್ಪಡಿಸುವ ಸಾಫ್ಟ್‌ವೇರುಗಳು ಈಗ ಬಂದಿವೆ, ನಿಜ. ಆದರೆ ಹಂಸದಂತೆ ಹಾಲನ್ನಷ್ಟೇ ಹೀರುವ ಶಕ್ತಿ ಅವುಗಳಿಗೆ ಪೂರ್ತಿಯಾಗಿ ಬಂದಿಲ್ಲ. ಆದ್ದರಿಂದ ಸಮತೋಲವನ್ನು ಹಾಡುವ ಮೊದಲೇ ಮಾಡಿಕೊಳ್ಳಬೇಕು. ಅದಕ್ಕಿರುವ ಸಾಧನ ಒಂದೇ: ಮೈಕು ಎಲ್ಲಿದೆ, ನಾವು ಎಲ್ಲಿದ್ದೇವೆ ಎಂಬುದು.

ಇದು ಹೊಸ ವಿದ್ಯೆಯೇನೂ ಅಲ್ಲ. ೧೯೦೨ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡನ್ನು ಫ್ರೆಡ್ ಗೈಸ್‌ಬರ್ಗ್ ಎಂಬವರು ಮುದ್ರಿಸಿಕೊಂಡಾಗ ಮೈಕು ಕೂಡ ಇರಲಿಲ್ಲ. ಇದ್ದದ್ದು ತುತ್ತೂರಿಯಂಥ ಒಂದು ಕೊಳವೆ. ಮೈಕಿನ ಮೂಲಕ ವಿದ್ಯುತ್ ಮುದ್ರಣದ ರೆಕಾರ್ಡುಗಳು ಮಾರುಕಟ್ಟೆಗೆ ಬಂದದ್ದು ೧೯೨೫ರಲ್ಲಿ. ಆವರೆಗೆ ಕೊಳವೆಗೆ ಹತ್ತಿರ ಯಾರು, ದೂರ ಯಾರು ಎಂಬುದರಿಂದಲೇ ಸಮತೋಲ. ದನಿ ಏರಿಸುವಾಗ ಹಾಡುಗಾರರು ಹಿಂದೆ ಸರಿಯುತ್ತಿದ್ದರು. ೧೯೩೬ರ ನವೆಂಬರಿನಲ್ಲಿ ಅಮೆರಿಕದ ಬ್ಲೂಸ್ ಹಾಡುಗಾರ ರಾಬರ್ಟ್ ಜಾನ್ಸನ್ ಟೆಕ್ಸಸಿನ ಸ್ಯಾನ್ ಆಂಟೋನಿಯೋ ಊರಿನ ಗಂಟರ್ ಹೋಟೆಲಿನ ಕೋಣೆಯೊಂದರಲ್ಲಿ ಗಿಟಾರು ನುಡಿಸುತ್ತ ಹಾಡಿದ. ಆಮೇಲೆ ದನಿಯನ್ನೂ ವಾದ್ಯವನ್ನೂ ಬೇರೆಬೇರೆಯಾಗಿ ತಿದ್ದುವ ಅನುಕೂಲ ಅಂದಿಗೆ ಇರಲೇ ಇಲ್ಲ. ಆ ಹಾಡುಗಳನ್ನು ಜನ ಇಂದಿಗೂ ಕೇಳುತ್ತಾರೆ.

ದೂರದ ಲೆಕ್ಕ

ಶಬ್ದವು ಹುಟ್ಟಿದ ಸ್ಥಳದಿಂದ ದೂರ ಹೋದಂತೆ ಬೇಗ ಸೊರಗುತ್ತದೆ. ದೂರ ಇಮ್ಮಡಿಯಾದರೆ ಶಬ್ದದ ಶಕ್ತಿ ಕಾಲು ಪಾಲಾಗುತ್ತದೆ. ಮೈಕು ಬಾಯಿಯಿಂದ ಅರ್ಧ ಅಡಿ, ಗಿಟಾರಿನಿಂದ ೨ ಅಡಿ ಇದೆಯೆನ್ನಿ. ಗಿಟಾರು ನಾಲ್ಕು ಪಟ್ಟು ದೂರವಾದ್ದರಿಂದ ಅದರ ಶಕ್ತಿ ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹಾಡು ಮಾತ್ರ ಉಳಿದು ಗಿಟಾರು ಪಕ್ಕದ ಖೋಲಿಯಲ್ಲಿದ್ದಂತೆ ಕೇಳುತ್ತದೆ. ಮೈಕನ್ನು ಗಿಟಾರಿಗೆ ಅಂಟಿಸಿದರೆ ಇದರ ವಿರುದ್ಧ. ಅದೇ ಮೈಕು ಒಂದರಿಂದ ೨ ಅಡಿ, ಇನ್ನೊಂದರಿಂದ ೨½ ಅಡಿ ಇದ್ದರೆ ವ್ಯತ್ಯಾಸ ಅಲ್ಪ. ಆದ್ದರಿಂದ ಮೈಕು ಸ್ವಲ್ಪ ದೂರವಿರಲಿ. ತೀರ ದೂರವೂ ಬೇಡ. ಆಗ ಹಾಡಿಗಿಂತ ಗೋಡೆಗಳ ಮಾರ್ದನಿಯೇ ಹೆಚ್ಚಾಗುತ್ತದೆ.

ಪ್ರಾರಂಭಕ್ಕೆ ಹೀಗೆ ಮಾಡಿರಿ. ಕಿರುಗುಟ್ಟದ ಸ್ಟೂಲಿನ ಮೇಲೆ ಕುಳಿತುಕೊಳ್ಳಿರಿ. ಎದುರಿಗೆ ಸುಮಾರು ೨ ಅಡಿ ದೂರದಲ್ಲಿ, ಎದೆಯ ಮಟ್ಟಕ್ಕೆ ಮೈಕು ನಿಲ್ಲಲಿ. ಗಿಟಾರಿನ ನಡುವಿನ ದೊಡ್ಡ ರಂಧ್ರಕ್ಕೆ ಅದನ್ನು ಗುರಿಯಿಡಬಾರದು. ಅಲ್ಲಿಂದ ಗುಂಯ್ ಎಂಬ ಮಂದ್ರ ನಾದವೇ ಹೆಚ್ಚಾಗಿ ಬರುತ್ತದೆ. ಗಿಟಾರಿನ ಕತ್ತು ಒಡಲಿಗೆ ಸೇರುವ ಜಾಗ, ಅಂದರೆ ೧೨ನೆಯ ಮನೆಯ ಆಸುಪಾಸು, ಮೈಕಿಗೆ ನೇರವಾಗಿರಲಿ. ಮಾತು ತಗ್ಗಿ ಕೇಳಿದರೆ ಮೈಕನ್ನು ನಾಲ್ಕು ಬೆರಳು ಮೇಲೆ ಸರಿಸಿರಿ. ಗಿಟಾರು ತಗ್ಗಿದರೆ ನಾಲ್ಕು ಬೆರಳು ಕೆಳಗೆ. ತಾರಸ್ಥಾಯಿಗೆ ಹೋಗುವಾಗ ಹಳಬರಂತೆ ತಲೆಯನ್ನು ತುಸು ಹಿಂದಕ್ಕೆ ತೆಗೆದುಕೊಳ್ಳಿರಿ.

ನಮ್ಮ ಭಾಷೆಯ ಪ, ಫ, ಬ, ಭ ಅಕ್ಷರಗಳನ್ನು ನುಡಿಯುವಾಗ ಬಾಯಿಂದ ಗಾಳಿಯ ಹೊಡೆತವೊಂದು ಹೊರಡುತ್ತದೆ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ‘ಫಲ’, ‘ಭಾರ’ ಎಂದು ನೋಡಿರಿ. ಆ ಹೊಡೆತ ಮೈಕಿಗೆ ನೇರವಾಗಿ ಬಿದ್ದರೆ ‘ಧಪ್’ ಎನ್ನುತ್ತದೆ. ಎದೆಯ ಮಟ್ಟದ ಮೈಕಿಗೆ ಈ ತೊಂದರೆ ಕಡಿಮೆ. ಗಾಳಿ ಅದರ ಮೇಲಿಂದ ಹಾದುಹೋಗುತ್ತದೆ.

ಮೈಕಿನ ಮುಖ

ಎಲ್ಲ ಮೈಕುಗಳೂ ಒಂದೇ ರೀತಿ ಕೇಳುವುದಿಲ್ಲ. ಕೆಲವು ಸುತ್ತಲೂ ಕೇಳುತ್ತವೆ. ಹಾಡುವವರು ಸಾಮಾನ್ಯವಾಗಿ ಕೊಳ್ಳುವ ಕಾರ್ಡಿಯಾಯ್ಡ್ ಎಂಬ ಜಾತಿಯದು ಮುಂದಿನದನ್ನು ಚೆನ್ನಾಗಿಯೂ, ಬೆನ್ನ ಹಿಂದಿನದನ್ನು ತೀರ ಕಡಿಮೆಯಾಗಿಯೂ ಕೇಳುತ್ತದೆ. ಆದ್ದರಿಂದ ಇದರ ಬೆನ್ನು ರಸ್ತೆಯ ಕಿಟಕಿಯ ಕಡೆಗಿರಲಿ. ಇದಕ್ಕೆ ಇನ್ನೊಂದು ಗುಣವಿದೆ: ಬಾಯಿಗೆ ತೀರ ಹತ್ತಿರ ತಂದರೆ ಮಂದ್ರ ಸ್ವರಗಳನ್ನು ಇದ್ದುದಕ್ಕಿಂತ ಉಬ್ಬಿಸಿ ತೋರಿಸುತ್ತದೆ. ಮಾತು ಮಸುಕಾಗಲು ಇದೂ ಒಂದು ಕಾರಣ.

ಮೈಕು ಕೊಳ್ಳಲಾಗದವರಿಗೆ ಫೋನೇ ಸಾಕು. ಫೋನಿನಲ್ಲಿ ಮಾತಿನ ಮೈಕು ಸಾಮಾನ್ಯವಾಗಿ ಕೆಳಗಿನ ಅಂಚಿನಲ್ಲಿ, ಚಾರ್ಜರು ಚುಚ್ಚುವ ತೂತಿನ ಬಳಿ ಇರುತ್ತದೆ. ಆ ಅಂಚನ್ನು ನಿಮ್ಮ ಕಡೆಗೆ ಮಾಡಿ, ಪುಸ್ತಕಗಳ ಅಟ್ಟಿಯ ಮೇಲೆ ಮಡಿಸಿದ ಟವೆಲು ಹಾಸಿ ಇಡಿರಿ. ಟವೆಲಿನಿಂದ ನೆಲದ ಅದುರೂ ಮೇಜಿನ ಮಾರ್ದನಿಯೂ ತಗ್ಗುತ್ತವೆ. ವಾಟ್ಸಾಪಿನ ಧ್ವನಿ ಸಂದೇಶದ ಗುಂಡಿಯನ್ನು ಒತ್ತಿ ಹಾಡಬೇಡಿರಿ. ಅದು ಮಾತಿಗೆಂದು ಮಾಡಿದ ಏರ್ಪಾಡು, ಶಬ್ದವನ್ನು ಬಹಳ ಕುಗ್ಗಿಸುತ್ತದೆ. ಧ್ವನಿಮುದ್ರಣದ ಬೇರೆ ಆ್ಯಪಿನಲ್ಲಿ, ಸಾಧ್ಯವಿದ್ದರೆ ವೇವ್ ಎಂಬ ರೂಪದಲ್ಲಿ ಹಿಡಿದು, ಆಮೇಲೆ ಡಾಕ್ಯುಮೆಂಟಾಗಿ ಕಳಿಸಿರಿ.

ಖೋಲಿಯ ಸಿದ್ಧತೆ

ಖೋಲಿಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿರಿ. ಝಣ್ ಎಂದು ಬಾಲ ಬಂದರೆ ಬೋಳು ಗೋಡೆಗಳು ಶಬ್ದವನ್ನು ತಿರುಗಿ ಎಸೆಯುತ್ತಿವೆ ಎಂದು ತಿಳಿಯಿರಿ. ಇದಕ್ಕೆ ಅಜ್ಜಿ ಹೊಲಿದುಕೊಟ್ಟ ಕೌದಿಯೇ ಮದ್ದು. ಕೌದಿಯನ್ನೋ ಕಂಬಳಿಯನ್ನೋ ಹಗ್ಗದ ಮೇಲೆ ಹಾಕಿ, ಗೋಡೆಗೆ ಅಂಟದಂತೆ ಗೇಣು ದೂರ ಬಿಟ್ಟು, ಹಾಡುವವರ ಬೆನ್ನ ಹಿಂದೆ ಇಳಿಬಿಡಿರಿ. ಮೈಕಿನ ಮುಖ ಆ ಗೋಡೆಯ ಕಡೆಗೇ ಇರುವುದರಿಂದ ಮೊದಲು ಮುಚ್ಚಬೇಕಾದದ್ದು ಅದನ್ನೇ. ಮೂಲೆಯಲ್ಲಿ ಕುಳಿತುಕೊಳ್ಳಬೇಡಿರಿ, ಅಲ್ಲಿ ಮಂದ್ರ ನಾದ ಗುಡ್ಡೆಗಟ್ಟುತ್ತದೆ. ಆದರೆ ಒಂದು ಮಾತು: ಕೌದಿಯು ಖೋಲಿಯ ಒಳಗಿನ ಮಾರ್ದನಿಯನ್ನು ತಗ್ಗಿಸುತ್ತದೆಯೇ ಹೊರತು ಹೊರಗಿನ ಗದ್ದಲವನ್ನು ತಡೆಯಲಾರದು.

ಹೊರಗಿನ ಗದ್ದಲಕ್ಕೆ ವೇಳೆ ನೋಡಿಕೊಳ್ಳುವುದೇ ಉಪಾಯ. ನಳದ ನೀರಿನ ಹೊತ್ತು, ಕುಕ್ಕರಿನ ಸೀಟಿಯ ಹೊತ್ತು, ಲೋಕಲ್ ಗಾಡಿಯ ದಟ್ಟಣೆಯ ಹೊತ್ತು ತಪ್ಪಿಸಿರಿ. ಪಂಖ ಆರಿಸಿರಿ, ಫೋನನ್ನು ವಿಮಾನದ ಗುರುತಿಗೆ ಹಾಕಿರಿ. ರಾತ್ರಿ ಪಾಳಿ ಮುಗಿಸಿ ಬಂದವರು ಪಕ್ಕದಲ್ಲಿ ಮಲಗಿದ್ದರೆ ಅವರನ್ನು ಕೇಳದೆ ಪ್ರಾರಂಭಿಸಬಾರದು. ನೆರೆಯವರಿಗೆ ಮೊದಲೇ ತಿಳಿಸಿದರೆ ಅರ್ಧ ತಾಸಿನ ಮೌನವನ್ನು ಯಾರೂ ಇಲ್ಲವೆನ್ನಲಾರರು.

ಮುದ್ರಿಸುವ ಕ್ರಮ

ಹೊಸದಾಗಿ ಶ್ರುತಿ ಮಾಡಿಕೊಂಡು, ಹಾಡಿನಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ಸಾಲನ್ನು ಮೊದಲು ಹಾಡಿ ನೋಡಿರಿ. ಅಳತೆಯ ಪಟ್ಟಿ ತೋರಿಸುವ ಆ್ಯಪಾದರೆ ಅತಿ ಗಟ್ಟಿಯಾದ ಕ್ಷಣವೂ ಸೊನ್ನೆಗಿಂತ ೬ರಿಂದ ೧೨ ಡೆಸಿಬೆಲ್ ಕೆಳಗಿರಲಿ. ಕೆಂಪು ಮುಟ್ಟಿ ಒಡೆದ ಶಬ್ದವನ್ನು ಮತ್ತೆ ಮೊದಲಿನಂತೆ ಮಾಡುವುದು ಕಷ್ಟ. ತಗ್ಗಿದ ಶಬ್ದವನ್ನು ಆಮೇಲೆ ಏರಿಸಬಹುದು.

ಅರ್ಧ ನಿಮಿಷ ಮುದ್ರಿಸಿ ಇಯರ್‌ಫೋನಿನಲ್ಲಿ ಕೇಳಿರಿ. ಪ್ರತಿ ಸಲ ಒಂದನ್ನೇ ಬದಲಿಸಿರಿ: ಇಲ್ಲವೇ ಎತ್ತರ, ಇಲ್ಲವೇ ದೂರ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ. ಸರಿಹೋದ ಅಳತೆಯನ್ನು ವಹಿಯಲ್ಲಿ ಬರೆದಿಟ್ಟುಕೊಳ್ಳಿರಿ. ಇನ್ನೊಂದು ಪರೀಕ್ಷೆ ಇದೆ. ಹಾಡಿನ ಮಾತು ಗೊತ್ತಿರುವ ನಮಗೆ ಅದು ಹೇಗಿದ್ದರೂ ಕೇಳಿಸುತ್ತದೆ. ಆದ್ದರಿಂದ ಆ ಹಾಡು ತಿಳಿಯದ ಸ್ನೇಹಿತರೊಬ್ಬರಿಗೆ ಕೇಳಿಸಿ, ಮಾತುಗಳನ್ನು ಬರೆಯಲು ಹೇಳಿರಿ. ಅವರು ಬರೆದದ್ದು ಸರಿಯಾಗಿದ್ದರೆ ಊರಿನಲ್ಲಿಯೂ ತಿಳಿದೀತು.

ಗೌಹರ್ ಜಾನ್ ತಮ್ಮ ಮುದ್ರಿಕೆಗಳ ಕೊನೆಯಲ್ಲಿ ಹೆಸರು ಹೇಳುತ್ತಿದ್ದರು. ನೀವೂ ಹಾಡು ಮುಗಿದ ಮೇಲೆ ಹೆಸರು, ಊರು, ತಾರೀಖು ಹೇಳಿ ನಿಲ್ಲಿಸಿರಿ. ಎರಡು ಕಡೆ ಪ್ರತಿ ಇಡಿರಿ. ರಜೆಗೆ ಊರಿಗೆ ಹೋದಾಗ ಇದೇ ಕ್ರಮದಿಂದ ಮನೆಯ ಹಿರಿಯರ ಹಾಡನ್ನೂ ಹಿಡಿದು ತನ್ನಿರಿ. ಬೀಸುವ ಪದ, ಸೋಬಾನೆ ಪದ ಬಲ್ಲವರು ಮನೆಯಲ್ಲಿ ಒಬ್ಬರೇ ಉಳಿದಿರಬಹುದು. ಅವರಿಗೆ ಗಿಟಾರು ಬೇಡ, ಸ್ಟುಡಿಯೋ ಬೇಡ. ೨ ಅಡಿ ದೂರದಲ್ಲಿ ಒಂದು ಫೋನು, ಹಿಂದೆ ಒಂದು ಕೌದಿ, ಆರಿಸಿದ ಪಂಖ ಇಷ್ಟಿದ್ದರೆ ಸಾಕು.