ಮಾವನ ಬೆರಳು, ನನ್ನ ಸ್ಲೈಡರ್

ಹೋದ ದೀಪಾವಳಿಗೆ ಡೊಂಬಿವಲಿಯ ಮಾವನ ಮನೆಗೆ ಹೋಗಿದ್ದೆ. ಫೋರ್ಟ್‌ನ ಕ್ಯಾಂಟೀನೊಂದರಲ್ಲಿ ನಲವತ್ತು ವರ್ಷ ದುಡಿದ ಮಾವನಿಗೆ ಈಗ ಕೈ ನಡುಗುತ್ತದೆ. ಮಗನಿಗೆ ಒಂದು ಮನೆ ನೋಡಿದ್ದರಂತೆ. "ಬೇಡ ಅಂತ ಬಿಟ್ಟೆವು. ತಿಂಗಳಿಗೆ 28 ಸಾವಿರ ಎಲ್ಲಿಂದ ತರುವುದು ಮಾರಾಯ?" ಎಂದರು.

ಬೇಕಾಗಿದ್ದ ಸಾಲ 27.5 ಲಕ್ಷ. ಶೇ. 8.5ರ ಬಡ್ಡಿಯಲ್ಲಿ 20 ವರ್ಷಕ್ಕೆ ಕಂತು 24 ಸಾವಿರ ದಾಟುವುದಿಲ್ಲ. ಎಲ್ಲಿ ಲೆಕ್ಕ ಹಾಕಿದಿರಿ ಎಂದು ಕೇಳಿದೆ. ಫೋನಿನಲ್ಲಿ ಪುಟ ತೆರೆದು ತೋರಿಸಿದರು. ಅದರ ಸ್ಲೈಡರ್ ಬರೆದವನು ನಾನೇ!

ಮಾವ ಗುಂಡಿಯನ್ನು 27.5ರವರೆಗೆ ಎಳೆದರು. ಬೆರಳು ಎತ್ತುವಷ್ಟರಲ್ಲಿ ಅದು 32.5ಕ್ಕೆ ಜಾರಿತು. ಅಂದೂ ಹಾಗೆಯೇ ಆಗಿರಬೇಕು. ಸಣ್ಣ ಅಂಕೆ ಅವರ ಕಣ್ಣಿಗೆ ಬಿದ್ದಿಲ್ಲ.

ಲೆಕ್ಕ ಸರಳ. ಸ್ಲೈಡರ್ 1 ಲಕ್ಷದಿಂದ 1 ಕೋಟಿವರೆಗೆ. ಫೋನಿನಲ್ಲಿ ಅದರ ಉದ್ದ ಸುಮಾರು 300 ಪಿಕ್ಸೆಲ್. ಅಂದರೆ ಒಂದು ಪಿಕ್ಸೆಲ್‌ಗೆ 33 ಸಾವಿರ ರೂಪಾಯಿ! ಬೆರಳು 15 ಪಿಕ್ಸೆಲ್ ಜಾರಿದರೆ ಐದು ಲಕ್ಷದ ವ್ಯತ್ಯಾಸ. ಗಟ್ಟಿ ಕೈಯವರಿಗೂ ಇದು ಕಷ್ಟವೇ.

ಎಚ್‌ಟಿಎಂಎಲ್‌ನಲ್ಲಿ ರೇಂಜ್ ಎಂಬ ಇನ್‌ಪುಟ್ ಇದೆ. ಬಾಣದ ಕೀಲಿ ಒತ್ತಿದರೆ ಅದು ಒಂದೊಂದೇ ಹೆಜ್ಜೆ ಸರಿಯುತ್ತದೆ, ಕಣ್ಣು ಕಾಣದವರ ಸ್ಕ್ರೀನ್ ರೀಡರ್‌ಗೂ ತನ್ನ ಬೆಲೆ ಹೇಳುತ್ತದೆ. ನಾನು ಅಂದಕ್ಕಾಗಿ ಅದನ್ನು ಬಿಟ್ಟು, ಡಿವ್‌ಗಳನ್ನು ಜೋಡಿಸಿ ಸ್ವಂತದ್ದೊಂದು ಮಾಡಿದ್ದೆ. ಬಣ್ಣ, ಆಕಾರವನ್ನು ಸಿಎಸ್‌ಎಸ್‌ನಿಂದ ರೇಂಜ್‌ಗೂ ಕೊಡಬಹುದಿತ್ತು. ನಾವೇ ಮಾಡಿದ ಸ್ಲೈಡರ್ ಆದರೆ ಎಳೆಯದೆಯೂ ಬಳಸುವ ದಾರಿ ಇರಬೇಕೆಂದು 2023ರ ಡಬ್ಲ್ಯುಸಿಎಜಿ 2.2 ಹೇಳುತ್ತದೆ. ನಾನು ಅದನ್ನು ಓದಿದ್ದೆ, ಆದರೆ ಗಡುವಿನ ಗಡಿಬಿಡಿಯಲ್ಲಿ ಮುಂದೆ ನೋಡೋಣ ಎಂದು ಬಿಟ್ಟಿದ್ದೆ.

ರಜೆ ಮುಗಿಸಿ ಬಂದವನು ಮೊದಲು ಮಾಡಿದ ಕೆಲಸ ಇದು: ಡಿವ್ ತೆಗೆದು ರೇಂಜ್ ಹಾಕಿದೆ. ಎರಡೂ ಬದಿಗೆ ಕೂಡುವ, ಕಳೆಯುವ ಗುಂಡಿಗಳನ್ನಿಟ್ಟೆ. ಪಕ್ಕದಲ್ಲಿ ಮೊತ್ತವನ್ನು ನೇರವಾಗಿ ಬರೆಯಲು ಒಂದು ಚೌಕ. ಅಂಕೆ ದೊಡ್ಡದಾಗಿ, ನಮ್ಮ ಲಕ್ಷದ ಲೆಕ್ಕದಲ್ಲಿ ಅಲ್ಪವಿರಾಮದೊಂದಿಗೆ. ಏರಿಯಾ-ವ್ಯಾಲ್ಯೂಟೆಕ್ಸ್ಟ್ ಸೇರಿಸಿದ್ದರಿಂದ ಸ್ಕ್ರೀನ್ ರೀಡರ್ ಈಗ ಬರಿಯ ಏಳಂಕಿಗಳ ಬದಲು "27 ಲಕ್ಷ 50 ಸಾವಿರ ರೂಪಾಯಿ" ಎನ್ನುತ್ತದೆ.

ಮಾವನಿಗೆ ಫೋನ್ ಮಾಡಿ ನೋಡಲು ಹೇಳಿದೆ. ಚೌಕದಲ್ಲಿ ಒಂದೊಂದೇ ಅಂಕೆ ಒತ್ತಿದರು. "ಹೌದು ಮಾರಾಯ, 23,865 ಅಂತ ಬಂತು" ಎಂದರು. ಆ ಮನೆ ಅಷ್ಟರಲ್ಲಿ ಬೇರೆಯವರ ಪಾಲಾಗಿತ್ತು. ಈಗ ಕಲ್ಯಾಣದ ಕಡೆ ಹುಡುಕುತ್ತಿದ್ದಾರೆ.

ಈ ಕೆಲಸದಲ್ಲಿರುವ ಗೆಳೆಯರಿಗೆ ಒಂದು ಮಾತು. ಪುಟ ಬಿಡುಗಡೆಗೆ ಮುನ್ನ ಮೌಸ್ ಬದಿಗಿಟ್ಟು ಕೀಬೋರ್ಡ್‌ನಿಂದಲೇ ನಡೆಸಿ ನೋಡಿ. ಆಮೇಲೆ ಮನೆಯ ಹಿರಿಯರ ಕೈಗೆ ಫೋನ್ ಕೊಟ್ಟು, ಏನೂ ಹೇಳಿಕೊಡದೆ ಸುಮ್ಮನೆ ಪಕ್ಕದಲ್ಲಿ ಕುಳಿತುಕೊಳ್ಳಿ.