ನಮ್ಮ ಗೌರಿಗೆ ಹಲ್ಲುನೋವು!

ಕಳೆದ ಜನವರಿಯಲ್ಲಿ ಐದನೇ ಸೆಮಿಸ್ಟರ್ ಪರೀಕ್ಷೆ ಮುಗಿಸಿ ಹಾಸ್ಟೆಲ್‌ನಿಂದ ಮನೆಗೆ ಬಂದಾಗ ಅಪ್ಪನ ಬಲಗೈಗೆ ಬ್ಯಾಂಡೇಜ್ ಇತ್ತು. 'ಏನಾಯ್ತಪ್ಪಾ?' ಅಂದರೆ ಮಾತಾಡದೆ ಹಿತ್ತಲ ಕಡೆ ಕಣ್ಣು ತೋರಿಸಿದರು. ಅಲ್ಲಿ ಬೇವಿನ ಮರಕ್ಕೆ ಕಟ್ಟಿದ್ದ ಕಂದು ಬಣ್ಣದ ಹೆಣ್ಣು ಕುದುರೆ ಕಿವಿಗಳನ್ನು ಹಿಂದಕ್ಕೆ ಮಡಚಿಕೊಂಡು ನನ್ನನ್ನೇ ನೋಡುತ್ತಿತ್ತು. ಹೆಸರು ಗೌರಿ. ಹೆಸರಿಗೂ ಸ್ವಭಾವಕ್ಕೂ ಸಂಬಂಧವೇ ಇರಲಿಲ್ಲ.

ಅಪ್ಪ ಮೈಸೂರಿನಲ್ಲಿ ಟಾಂಗಾ ಓಡಿಸುತ್ತಾರೆ. ಅರಮನೆ ನೋಡಲು ಬಂದವರನ್ನು ಹತ್ತಿಸಿಕೊಂಡು ದೊಡ್ಡ ಗಡಿಯಾರ, ದೇವರಾಜ ಮಾರುಕಟ್ಟೆ, ಸಂತ ಫಿಲೋಮಿನಾ ಚರ್ಚ್ ಅಂತ ಒಂದು ಸುತ್ತು. ನನ್ನ ಬಿ.ಇ. ಫೀಸು ಬರುವುದು ಇದೇ ಸುತ್ತಿನಿಂದ. ಹಳೇ ಕುದುರೆ ದೀಪಾವಳಿ ಹೊತ್ತಿಗೆ ಹೊಟ್ಟೆನೋವಿನಿಂದ ತೀರಿಕೊಂಡಿತ್ತು. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ, ಹೊಟ್ಟೆ ಕೆಟ್ಟರೆ ಒಂದೇ ರಾತ್ರಿಯಲ್ಲಿ ಪ್ರಾಣ ಹೋಗಬಹುದು. ಅಮ್ಮ ಸಂಘದಲ್ಲಿ ಸಾಲ ಎತ್ತಿದರು. ಮದುವೆ ಮೆರವಣಿಗೆಗೆ ಕುದುರೆ ಬಾಡಿಗೆಗೆ ಬಿಡುವವರೊಬ್ಬರಿಂದ ಅಪ್ಪ ಗೌರಿಯನ್ನು ಕೊಂಡು ತಂದರು.

ತಂದ ಮೇಲೆ ಗೊತ್ತಾಯಿತು. ಕಡಿವಾಣ ಹಾಕಲು ಹೋದರೆ ತಲೆ ಎತ್ತಿ ಕಚ್ಚಲು ಬರುತ್ತಾಳೆ. ಗಾಡಿಗೆ ಕಟ್ಟಿದರೆ ಹಿಂದಕ್ಕೆ ಹಿಂದಕ್ಕೆ ಹೋಗುತ್ತಾಳೆ. ಹೇಗೋ ರಸ್ತೆಗೆ ಇಳಿಸಿದರೆ ಜೀಬ್ರಾ ಕ್ರಾಸಿಂಗ್ ಮುಂದೆ ಕಂಬದಂತೆ ನಿಂತುಬಿಡುತ್ತಾಳೆ. ಹಿಂದಿನಿಂದ ಆಟೊಗಳ ಹಾರ್ನು, ಗಾಡಿಯಲ್ಲಿ ಕೂತವರ ಗೊಣಗಾಟ. ಅಪ್ಪ ಚಾಟಿ ಬೀಸಿದಷ್ಟೂ ಇನ್ನಷ್ಟು ಹಟ.

ನಾನೂ ನನ್ನ ಪಾಲಿನ ಅನಾಹುತ ಮಾಡಿದೆ. ಬಂದ ಎರಡನೇ ದಿನ ಫೋನ್ ನೋಡುತ್ತಾ ಅವಳ ಹಿಂದುಗಡೆಯಿಂದ ಬಕೆಟ್ ಹಿಡಿದು ಹೋದೆ. ಕುದುರೆಯ ಕಣ್ಣು ತಲೆಯ ಎರಡು ಪಕ್ಕದಲ್ಲಿರುವುದರಿಂದ ಸುತ್ತಲೂ ಹೆಚ್ಚುಕಡಿಮೆ ಎಲ್ಲವೂ ಕಾಣುತ್ತದೆ, ಕಾಣದಿರುವುದು ನೇರ ಬಾಲದ ಹಿಂದೆ ಮತ್ತು ಹಣೆಯ ಮುಂದಿನ ಸ್ವಲ್ಪ ಜಾಗ. ನಾನು ಸರಿಯಾಗಿ ಅಲ್ಲೇ ನಿಂತಿದ್ದೆ. ಒದೆ ಬಕೆಟ್‌ಗೆ ಬಿತ್ತು, ನನ್ನ ಪುಣ್ಯ. ಬೆದರಿ ಮುಂದೆ ನುಗ್ಗಿದವಳು ಅಪ್ಪನ ಕಾಲ್ಬೆರಳು ತುಳಿದಳು. ಕೈಗೆ ಬ್ಯಾಂಡೇಜ್, ಈಗ ಕಾಲಿಗೂ. 'ಬಂದಷ್ಟು ಬರಲಿ, ಮಾರಿಬಿಡ್ತೀನಿ ಕಣೋ' ಅಂದರು ಅಪ್ಪ. ಕೇಳಿದವರು ಕೊಟ್ಟದ್ದರ ಅರ್ಧಕ್ಕೆ ಕೇಳುತ್ತಿದ್ದರು. ಅಮ್ಮ ಒಳಗಿನಿಂದ ಏನೂ ಹೇಳಲಿಲ್ಲ. ಅದೇ ಹೆಚ್ಚು ಚುಚ್ಚಿತು. ರಜೆ ಮುಗಿಯುವವರೆಗೆ ಟೈಮ್ ಕೊಡಿ ಅಂತ ಕೇಳಿಕೊಂಡೆ.

ಟಾಂಗಾ ಸ್ಟ್ಯಾಂಡಿನಲ್ಲಿ ನಾವೆಲ್ಲ ಚಾಚಾ ಅನ್ನುವ ಹಿರಿಯರೊಬ್ಬರಿದ್ದಾರೆ. ನನ್ನ ದೂರೆಲ್ಲ ಕೇಳಿ, 'ಮೊದ್ಲು ಬಾಯಿ ನೋಡ್ಸಪ್ಪ' ಅಂದರು ಅಷ್ಟೇ. ಪಶುವೈದ್ಯರು ಬಂದು ಟಾರ್ಚ್ ಬಿಟ್ಟು ನೋಡಿದರು. ಕುದುರೆಯ ಹಲ್ಲು ವರ್ಷಗಟ್ಟಲೆ ಮೇಲಕ್ಕೆ ಬರುತ್ತಲೇ ಇರುತ್ತದಂತೆ. ಇಡೀ ದಿನ ಹುಲ್ಲು ಮೇಯ್ದರೆ ಸವೆಯುತ್ತದೆ, ನಾವು ಹುರುಳಿ, ಬೂಸಾ ತಿನ್ನಿಸಿ ಕಟ್ಟಿಹಾಕಿದರೆ ಸಮನಾಗಿ ಸವೆಯದೆ ಅಂಚು ಚೂಪಾಗುತ್ತದೆ. ಗೌರಿಯ ಕೆನ್ನೆಯ ಒಳಗೆ ಗಾಯವಿತ್ತು. ಕಡಿವಾಣ ಎಳೆದಾಗಲೆಲ್ಲ ಆ ಗಾಯಕ್ಕೇ ಹಲ್ಲು ಒತ್ತುತ್ತಿತ್ತು. ವೈದ್ಯರು ಉದ್ದನೆಯ ಅರ ಹಾಕಿ ಅಂಚುಗಳನ್ನು ಉಜ್ಜಿದರು. ಎರಡು ವಾರ ಕಡಿವಾಣ ಬೇಡ ಅಂದರು. ಅಪ್ಪ ಅವತ್ತು ಚಾಟಿಯನ್ನು ಅಟ್ಟಕ್ಕೆ ಎಸೆದರು. ಆಮೇಲೆ ತುಂಬಾ ಹೊತ್ತು ಗೌರಿಯ ಹತ್ತಿರ ಹೋಗಲೇ ಇಲ್ಲ.

ಆ ಎರಡು ವಾರ ಅಪ್ಪ ಮಾರುಕಟ್ಟೆಯಲ್ಲಿ ತರಕಾರಿ ಮೂಟೆ ಇಳಿಸಲು ಹೋದರು, ಕುಂಟುತ್ತಲೇ. ನಾನು ಬೆಳಿಗ್ಗೆ ಐದೂವರೆಗೆ ಗೌರಿಯನ್ನು ಬರೀ ಹಗ್ಗದಲ್ಲಿ ಹಿಡಿದು ದೊಡ್ಡಕೆರೆ ಮೈದಾನಕ್ಕೆ ಹೋಗುತ್ತಿದ್ದೆ. ಚಾಚಾ ಹೇಳಿಕೊಟ್ಟದ್ದು ಒಂದೇ: ಹಗ್ಗವನ್ನು ಮೆತ್ತಗೆ ಎಳೆ, ಅವಳು ಒಂದು ಹೆಜ್ಜೆ ಇಟ್ಟ ಕ್ಷಣವೇ ಸಡಿಲ ಬಿಡು. ಕುದುರೆ ಕಲಿಯುವುದು ಎಳೆತದಿಂದಲ್ಲ, ಬಿಟ್ಟ ಆ ಗಳಿಗೆಯಿಂದ. ಕೇಳಿ ನಾನು ಬೆಪ್ಪಾದೆ. ಇಷ್ಟು ದಿನ ಅವಳು ಕಚ್ಚಲು ಬಂದಾಗ ನಾವು ಕೈ ಹಿಂತೆಗೆದಿದ್ದೆವು, ಹಿಂದೆ ಹೋದಾಗ ಗಾಡಿ ಬಿಚ್ಚಿದ್ದೆವು. ಅಂದರೆ ಕಚ್ಚುವುದನ್ನೂ ಹಿಂದೆ ಹೋಗುವುದನ್ನೂ ಕಲಿಸಿದವರು ನಾವೇ!

ಗಾಡಿಯ ಭಯ ಬಿಡಿಸಲು ಹಳೇ ಸ್ಕೂಟರ್ ಟಯರ್ ಬೇಕಾಯಿತು. ಮೆರವಣಿಗೆಯಲ್ಲಿ ಮದುಮಗನನ್ನು ಹೊತ್ತು ಅಭ್ಯಾಸವಿದ್ದವಳಿಗೆ ಬೆನ್ನ ಹಿಂದೆ ಗಡಗಡ ಅನ್ನುವ ವಸ್ತು ಬೆನ್ನಟ್ಟಿ ಬಂದರೆ ಹೇಗಾಗಬೇಡ? ಮೊದಲು ಟಯರನ್ನು ನಾನೇ ಎಳೆದುಕೊಂಡು ಅವಳ ಮುಂದೆ ನಡೆದೆ. ಆಮೇಲೆ ಪಕ್ಕದಲ್ಲಿ. ವಾಕಿಂಗ್ ಬಂದವರು ನನ್ನನ್ನೇ ವಿಚಿತ್ರವಾಗಿ ನೋಡುತ್ತಿದ್ದರು. ದಸರೆಗೆ ಮುಂಚೆ ಆನೆ, ಕುದುರೆಗಳಿಗೆ ಕುಶಾಲತೋಪು ಸಿಡಿಸಿ ತಾಲೀಮು ಕೊಡುವುದನ್ನು ಮೈಸೂರಿನವರೆಲ್ಲ ನೋಡಿರುತ್ತೀರಿ. ಜಂಬೂಸವಾರಿಯ ದಿನ 21 ತೋಪು ಹಾರಿದಾಗ ಬೆದರಬಾರದು ಅಂತ. ನಮ್ಮದು ಟಯರ್ ತಾಲೀಮು. ಹತ್ತನೇ ದಿನ ಗೌರಿ ತಾನೇ ಟಯರ್ ಎಳೆದಳು. ಎರಡು ವಾರ ಕಳೆದ ಮೇಲೆ ಖಾಲಿ ಗಾಡಿ.

ಉಳಿದದ್ದು ಜೀಬ್ರಾ ಕ್ರಾಸಿಂಗ್. ಹಲ್ಲು ವಾಸಿಯಾಗಿತ್ತು, ಗಾಡಿ ಒಗ್ಗಿತ್ತು, ಆದರೂ ನಿಲ್ಲುತ್ತಿದ್ದಳು. ತಮಾಷೆ ಅಂದರೆ, ನಾನು ಲಗಾಮು ಹಿಡಿದಾಗ ಕೆಲವೊಮ್ಮೆ ದಾಟುತ್ತಿದ್ದಳು, ಅಪ್ಪ ಹಿಡಿದಾಗ ಒಮ್ಮೆಯೂ ಇಲ್ಲ. ಒಂದು ದಿನ ಪಕ್ಕದಲ್ಲಿ ಕೂತು ಗೌರಿಯನ್ನು ಬಿಟ್ಟು ಅಪ್ಪನನ್ನೇ ಗಮನಿಸಿದೆ. ಬಿಳಿ ಪಟ್ಟೆ ಇನ್ನೂ ಹತ್ತು ಮಾರು ದೂರ ಇದ್ದಾಗಲೇ ಅವರು ಉಸಿರು ಬಿಗಿಹಿಡಿದು ಲಗಾಮು ಬಿಗಿ ಮಾಡುತ್ತಿದ್ದರು. ಸುಮಾರು ನೂರಿಪ್ಪತ್ತು ವರ್ಷದ ಹಿಂದೆ ಜರ್ಮನಿಯ ಬರ್ಲಿನ್‌ನಲ್ಲಿ ಹಾನ್ಸ್ ಅನ್ನುವ ಕುದುರೆ ಲೆಕ್ಕ ಮಾಡುತ್ತದೆ ಅಂತ ಜನ ಮುಗಿಬಿದ್ದಿದ್ದರಂತೆ. ಪಫಂಗ್ಸ್ಟ್ ಅನ್ನುವವರು 1907ರಲ್ಲಿ ಪರೀಕ್ಷಿಸಿದಾಗ, ಅದು ಪ್ರಶ್ನೆ ಕೇಳಿದವರ ತಲೆಯ ಸಣ್ಣ ಅಲುಗಾಟ ನೋಡಿ ಗೊರಸು ಬಡಿಯುವುದನ್ನು ನಿಲ್ಲಿಸುತ್ತಿತ್ತು ಅಂತ ಗೊತ್ತಾಯಿತು. ಕೇಳಿದವರಿಗೇ ತಾವು ಅಲುಗಿದ್ದು ಗೊತ್ತಿರಲಿಲ್ಲ. ಗೌರಿಯೂ ಅಷ್ಟೇ. ನಿಲ್ಲುತ್ತಾಳೇನೋ ಅಂತ ಅಪ್ಪ ಹೆದರುತ್ತಾರೆ, ಅಪ್ಪ ಹೆದರಿದರೆಂದು ಅವಳು ನಿಲ್ಲುತ್ತಾಳೆ. ನಮ್ಮ ಕಂಟ್ರೋಲ್ ಸಿಸ್ಟಮ್ಸ್ ಪೇಪರಿನಲ್ಲಿ ಇದಕ್ಕೆ ಪಾಸಿಟಿವ್ ಫೀಡ್‌ಬ್ಯಾಕ್ ಅನ್ನುತ್ತಾರೆ. (ಆ ಪೇಪರ್ ಬ್ಯಾಕ್ ಉಳಿದಿದೆ, ಅದು ಬೇರೆ ವಿಷಯ.)

ಇನ್ನೊಂದು ಕಾರಣವೂ ಇತ್ತು. ಕಾಲಡಿಯ ವಸ್ತು ನೋಡಲು ಕುದುರೆ ತಲೆ ಬಗ್ಗಿಸಬೇಕು, ಬಿಗಿ ಲಗಾಮು ಬಿಡುತ್ತಿರಲಿಲ್ಲ. 'ಅಪ್ಪಾ, ಬಿಳಿ ಪಟ್ಟೆ ಬಂದಾಗ ಸಡಿಲ ಬಿಡಿ, ಏನಾದ್ರೂ ಮಾತಾಡ್ತಿರಿ' ಅಂದೆ. ಏನು ಮಾತಾಡಲಿ ಅಂದರು. ಕೊನೆಗೆ ಸಂಘದ ಕಂತಿನ ಲೆಕ್ಕವನ್ನೇ ಜೋರಾಗಿ ಹೇಳುತ್ತಾ ಹೋದರು. ಗೌರಿ ತಲೆ ತಗ್ಗಿಸಿ ಪಟ್ಟೆಯನ್ನು ಮೂಸಿದಳು, ಒಮ್ಮೆ ಫೂ ಅಂದಳು, ದಾಟಿದಳು.

ಈಗ ದಿನಕ್ಕೆ ನಾಲ್ಕೈದು ಸುತ್ತು ಆಗುತ್ತಿದೆ. ಕಂತು ತಪ್ಪಿಲ್ಲ. ಬ್ಯಾಂಡ್‌ಸೆಟ್ ಸದ್ದು ಕೇಳಿದರೆ ಮಾತ್ರ ಇವತ್ತಿಗೂ ಅವಳ ಮೈ ನಡುಗುತ್ತದೆ. ಮದುವೆ ಸೀಸನ್ನಿನಲ್ಲಿ ಅಪ್ಪ ಛತ್ರಗಳಿರುವ ರಸ್ತೆ ಬಿಟ್ಟು ಸುತ್ತು ಹಾಕಿಕೊಂಡು ಬರುತ್ತಾರೆ.